ಗೇರ್‌ಗೆ ಯಾವ ಸ್ಟೀಲ್, ಶಾಫ್ಟ್‌ಗೆ ಯಾವ ಸ್ಟೀಲ್?

ಗೇರ್ ಹಲ್ಲು ಮುರಿದರೆ ಮೊದಲ ದೂರು ಮಟೀರಿಯಲ್ ಮೇಲೆ. ‘ಇಎನ್ 8 ಹಾಕಿದ್ರು, ಅದಕ್ಕೇ ಹೋಯ್ತು. ಈ ಸಲ ಇಎನ್ 24 ಹಾಕಿ ನೋಡಿ’ ಎನ್ನುವ ಸಲಹೆ ಕೂಡಲೇ ಬರುತ್ತದೆ. (ಇವು ಬ್ರಿಟಿಷ್ ಸ್ಟ್ಯಾಂಡರ್ಡ್‌ನ ಸ್ಟೀಲ್ ಗ್ರೇಡ್‌ಗಳು. ಇಎನ್ 8 ಸಾದಾ ಕಾರ್ಬನ್ ಸ್ಟೀಲ್, ಇಎನ್ 24ರಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತಿರುತ್ತವೆ.) ಕೆಲವು ಸಲ ಅದು ಸರಿಯಾದ ಸಲಹೆಯೇ. ಆದರೆ ಎಷ್ಟೋ ಸಲ ದುಬಾರಿ ಸ್ಟೀಲ್ ಕೂಡ ಅದೇ ಜಾಗದಲ್ಲಿ, ಅದೇ ರೀತಿ ಮುರಿಯುತ್ತದೆ. ಗ್ರೇಡ್ ಬದಲಾಗಿರುತ್ತದೆ, ಮುರಿಯಲು ಇದ್ದ ಕಾರಣ ಅಲ್ಲೇ ಉಳಿದಿರುತ್ತದೆ.

ಗ್ರೇಡ್‌ಗಳ ಪಟ್ಟಿ ತೆರೆದು ‘ಯಾವುದು ಜಾಸ್ತಿ ಗಟ್ಟಿ’ ಎಂದು ಹುಡುಕುವುದು ಉಲ್ಟಾ ದಾರಿ. ಮೊದಲು ಈ ಭಾಗ ಹೇಗೆ ಹಾಳಾಗಬಹುದು ಎಂದು ನೋಡಬೇಕು. ಅದನ್ನು ತಡೆಯಲು ಎಲ್ಲಿ ಗಡಸುತನ ಬೇಕು, ಎಷ್ಟು ಆಳಕ್ಕೆ ಬೇಕು ಎಂದು ತೀರ್ಮಾನಿಸಬೇಕು. ಅಲ್ಲಿಗೆ ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ, ತಣಿಸಿ ಲೋಹದ ಗುಣ ಬದಲಿಸುವ ಕೆಲಸ) ಯಾವುದು ಎಂದು ತಿಳಿಯುತ್ತದೆ. ಆ ಹೀಟ್ ಟ್ರೀಟ್‌ಮೆಂಟ್‌ಗೂ ಆ ದಪ್ಪಕ್ಕೂ ಒಗ್ಗುವ ಗ್ರೇಡ್ ಯಾವುದು ಎನ್ನುವುದು ಕೊನೆಯ ಪ್ರಶ್ನೆ. ಅಷ್ಟೊತ್ತಿಗೆ ಪಟ್ಟಿಯಲ್ಲಿ ಎರಡೋ ಮೂರೋ ಹೆಸರು ಮಾತ್ರ ಉಳಿದಿರುತ್ತವೆ.

ಗೇರ್‌ನ ಕಷ್ಟ ಬೇರೆ, ಶಾಫ್ಟ್‌ನ ಕಷ್ಟ ಬೇರೆ

ಗೇರ್ ಹಲ್ಲಿಗೆ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಹಲ್ಲಿನ ಬುಡಕ್ಕೆ. ಪ್ರತಿ ಸುತ್ತಿಗೂ ಹಲ್ಲು ಒಮ್ಮೆ ಚೂರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಲಕ್ಷಾಂತರ ಸಲ ಹೀಗಾದ ಮೇಲೆ ಬುಡದ ರೇಡಿಯಸ್‌ನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಅದು ನಿಧಾನಕ್ಕೆ ಬೆಳೆದು ಒಂದು ದಿನ ಹಲ್ಲು ಕಳಚಿಕೊಳ್ಳುತ್ತದೆ. ಇದೇ ಫೆಟೀಗ್. ಇನ್ನೊಂದು ಪೆಟ್ಟು ಹಲ್ಲಿನ ಮುಖಕ್ಕೆ. ಎರಡು ಹಲ್ಲು ತಾಗುವ ಜಾಗ ಎಂದರೆ ಬರೀ ಒಂದು ಸಣ್ಣ ಗೆರೆ. ಇಡೀ ಲೋಡ್ ಆ ಗೆರೆಯ ಮೇಲೆ ಕೂರುತ್ತದೆ. ಲೋಹ ಮೆತ್ತಗಿದ್ದರೆ ಪಿಚ್ ಲೈನ್ (ಹಲ್ಲಿನ ಎತ್ತರದ ಸುಮಾರು ನಡುವಿನ ಗೆರೆ) ಅಕ್ಕಪಕ್ಕ ಸಣ್ಣ ಗುಳಿಗಳು ಬೀಳುತ್ತವೆ, ಅದು ಪಿಟ್ಟಿಂಗ್. ಹಾಗಾಗಿ ಗೇರ್‌ಗೆ ಗಡಸು ಮುಖ ಬೇಕು. ಜೊತೆಗೆ ಏಟು ಬಿದ್ದರೆ ಗಾಜಿನಂತೆ ಸಿಡಿಯದ ಒಳಭಾಗವೂ ಬೇಕು.

ಶಾಫ್ಟ್‌ಗೆ ಬೇಕಾದದ್ದು ಬೇರೆ. ಅದು ತಿರುಚುತ್ತದೆ, ಬಾಗುತ್ತದೆ. ಎರಡರಲ್ಲೂ ಒತ್ತಡ ಮೈಮೇಲೆ ಅತಿ ಹೆಚ್ಚು, ನಡುವಿನಲ್ಲಿ ಸೊನ್ನೆ. ಸೀಲ್ ಕೂರುವ ಜಾಗ, ಸ್ಪ್ಲೈನ್ (ಶಾಫ್ಟ್ ಮೈಯಲ್ಲಿ ಉದ್ದಕ್ಕೆ ಕತ್ತರಿಸಿದ ಹಲ್ಲುಗಳು), ಬುಷ್ ಬೇರಿಂಗ್ ಜಾಗ ಬಿಟ್ಟರೆ ಉಳಿದ ಕಡೆ ಮೈ ಅಷ್ಟೇನೂ ಗಡಸಾಗಿರಬೇಕಿಲ್ಲ. ಶಾಫ್ಟ್ ಮುರಿಯುವುದು ಸಾಮಾನ್ಯವಾಗಿ ಸ್ಟೆಪ್ ಮೂಲೆಯಲ್ಲಿ (ವ್ಯಾಸ ಬದಲಾಗುವ ಕಡೆ), ಕೀವೇ (ಕೀಲಿ ಕೂರುವ ಗಾಡಿ) ತುದಿಯಲ್ಲಿ, ಸರ್ಕ್ಲಿಪ್ (ತಡೆಯುವ ಉಂಗುರ) ಗ್ರೂವ್‌ನಲ್ಲಿ. ನೆಟ್ಟಗಿನ ನುಣುಪಾದ ಮೈಯಲ್ಲಿ ಮುರಿದ ಶಾಫ್ಟ್ ಅಪರೂಪ.

ಕಾರ್ಬನ್ ಒಂದು ಕೆಲಸ, ಉಳಿದವು ಇನ್ನೊಂದು ಕೆಲಸ

ಸ್ಟೀಲ್ ಆಯ್ಕೆಯಲ್ಲಿ ಒಂದೇ ಒಂದು ಸಂಗತಿ ಸರಿಯಾಗಿ ತಿಳಿಯಬೇಕೆಂದರೆ ಅದು ಇದು. ಸ್ಟೀಲನ್ನು ಕಾಯಿಸಿ ಕ್ವೆಂಚ್ ಮಾಡಿದಾಗ (ನೀರಿನಲ್ಲೋ ಎಣ್ಣೆಯಲ್ಲೋ ಬೇಗ ತಣಿಸಿದಾಗ) ಅದು ಅತಿ ಹೆಚ್ಚೆಂದರೆ ಎಷ್ಟು ಗಡಸಾಗಬಲ್ಲದು ಎನ್ನುವುದನ್ನು ಹೆಚ್ಚುಕಮ್ಮಿ ಕಾರ್ಬನ್ ಒಂದೇ ನಿರ್ಧರಿಸುತ್ತದೆ. 0.2% ಕಾರ್ಬನ್ ಇದ್ದರೆ ಸುಮಾರು 45 ಎಚ್‌ಆರ್‌ಸಿ (ರಾಕ್‌ವೆಲ್ ಸಿ, ಗಡಸುತನದ ಒಂದು ಅಳತೆ). 0.4% ಇದ್ದರೆ 56ರಿಂದ 58. 0.6% ಆದಾಗ 64ರ ಹತ್ತಿರ. ಅಲ್ಲಿಂದ ಮುಂದೆ ಕಾರ್ಬನ್ ಎಷ್ಟು ಹಾಕಿದರೂ ಗಡಸುತನ ಹೆಚ್ಚೇನೂ ಏರುವುದಿಲ್ಲ.

ಹಾಗಾದರೆ ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಯಾಕೆ? ಅವು ಗಡಸುತನವನ್ನು ಆಳಕ್ಕೆ ಒಯ್ಯುತ್ತವೆ. ಕ್ವೆಂಚ್ ಮಾಡುವಾಗ ಹೊರಮೈ ಬೇಗ ತಣಿಯುತ್ತದೆ, ಒಳಗಡೆ ನಿಧಾನ. ಸಾದಾ ಕಾರ್ಬನ್ ಸ್ಟೀಲ್‌ಗೆ ಈ ನಿಧಾನ ಆಗಿಬರುವುದಿಲ್ಲ. ಒಳಗೆ ಅದು ಮೆತ್ತಗೇ ಉಳಿಯುತ್ತದೆ. ಈ ಲೋಹಗಳು ಬೆರೆತಿದ್ದರೆ ನಿಧಾನಕ್ಕೆ ತಣಿದರೂ ಗಡಸಾಗುತ್ತದೆ. ಈ ಗುಣವನ್ನು ಅಳೆಯಲು ಜಾಮಿನಿ ಟೆಸ್ಟ್ ಇದೆ. 25 ಮಿಮೀ ದಪ್ಪ, 100 ಮಿಮೀ ಉದ್ದದ ಸರಳನ್ನು ಕಾಯಿಸಿ, ಒಂದು ತುದಿಗೆ ಮಾತ್ರ ನೀರು ಚಿಮ್ಮಿಸುತ್ತಾರೆ. ಆಮೇಲೆ ಆ ತುದಿಯಿಂದ ದೂರ ಹೋಗುತ್ತಾ ಗಡಸುತನ ಅಳೆಯುತ್ತಾರೆ. ಇಎನ್ 8ರಲ್ಲಿ ಕೆಲವೇ ಮಿಲಿಮೀಟರ್‌ನಲ್ಲಿ ಗಡಸುತನದ ಗ್ರಾಫ್ ಗೆರೆ ಧೊಪ್ಪನೆ ಕೆಳಗೆ ಬೀಳುತ್ತದೆ. ಇಎನ್ 24ರಲ್ಲಿ ಬಹಳ ದೂರದವರೆಗೂ ಮೇಲೇ ಇರುತ್ತದೆ. ಎರಡರಲ್ಲೂ ಕಾರ್ಬನ್ ಒಂದೇ, ಸುಮಾರು 0.4%. ನೀರು ತಾಗಿದ ತುದಿಯಲ್ಲಿ ಎರಡರ ಗಡಸುತನವೂ ಹತ್ತಿರ ಹತ್ತಿರವೇ.

ಇದರ ಅರ್ಥ, 15 ಮಿಮೀ ಪಿನ್‌ಗೆ ಇಎನ್ 24 ಹಾಕಿದರೆ ಅದರ ನಿಜವಾದ ಬಲ ಬಹುಪಾಲು ಖರ್ಚೇ ಆಗುವುದಿಲ್ಲ. 120 ಮಿಮೀ ಶಾಫ್ಟ್‌ಗೆ ಇಎನ್ 8 ಹಾಕಿ ‘ಹಾರ್ಡನ್ ಅಂಡ್ ಟೆಂಪರ್’ (ಕ್ವೆಂಚ್ ಮಾಡಿ, ಪೆಡಸುತನ ಇಳಿಸಲು ಮತ್ತೆ ಹದವಾಗಿ ಕಾಯಿಸುವುದು) ಎಂದು ಡ್ರಾಯಿಂಗ್‌ನಲ್ಲಿ ಬರೆದರೆ ಆಗುವುದು ಬರೀ ತೋರಿಕೆಯ ಕೆಲಸ. ಬ್ರಿಟಿಷ್ ಸ್ಟ್ಯಾಂಡರ್ಡ್‌ನಲ್ಲಿ ‘ಟಿ’ ಕಂಡಿಷನ್ ಎಂದರೆ 850ರಿಂದ 1000 ಮೆಗಾಪಾಸ್ಕಲ್ ಬಲ. ಕ್ರೋಮಿಯಂ, ಮಾಲಿಬ್ಡಿನಂ ಇರುವ ಇಎನ್ 19ರಲ್ಲಿ ಇದು ಸುಮಾರು 63 ಮಿಮೀ ದಪ್ಪದವರೆಗೆ ಸಿಗುತ್ತದೆ. ಇಎನ್ 24ರಲ್ಲಿ 150 ಮಿಮೀ ದಪ್ಪಕ್ಕೂ ಸಿಗುತ್ತದೆ. 50 ಮಿಮೀ ಶಾಫ್ಟ್‌ಗೆ ಟಿ ಕಂಡಿಷನ್ ಸಾಕು ಎಂದಾದರೆ ಇಎನ್ 19 ಇರುವಾಗ ಇಎನ್ 24 ಕೇಳಲು ಬಲವಾದ ಕಾರಣ ಬೇಕು. ಜೋರು ಏಟು ಬೀಳುವ ಕೆಲಸ, ತುಂಬಾ ಚಳಿಯಲ್ಲಿ ಓಡುವ ಯಂತ್ರ, ಹೀಗೆ ಏನಾದರೂ ಇದ್ದರೆ ಸರಿ. ಅಂಥ ಕಡೆ ನಿಕಲ್ ನಿಜವಾಗಿ ಉಪಕಾರಕ್ಕೆ ಬರುತ್ತದೆ.

ಶಾಫ್ಟ್: ಲೆಕ್ಕ ಹಾಕಿ ನೋಡೋಣ

15 ಕಿಲೋವ್ಯಾಟ್ ಮೋಟರ್, 1500 ಆರ್‌ಪಿಎಂ. ಟಾರ್ಕ್ ಸುಮಾರು 95 ನ್ಯೂಟನ್ ಮೀಟರ್. 10ಕ್ಕೆ 1 ರಿಡಕ್ಷನ್ ಆದ ಮೇಲೆ ಹೊರಗಿನ ಶಾಫ್ಟ್ 150 ಆರ್‌ಪಿಎಂನಲ್ಲಿ ತಿರುಗುತ್ತದೆ. ಅಲ್ಲಿ ಟಾರ್ಕ್ 955 ನ್ಯೂಟನ್ ಮೀಟರ್. ಶಾಫ್ಟ್ 45 ಮಿಮೀ ಇದ್ದರೆ ತಿರುಚುವ ಒತ್ತಡ ಸುಮಾರು 53 ಮೆಗಾಪಾಸ್ಕಲ್. ನಾರ್ಮಲೈಸ್ ಮಾಡಿದ (ಕಾಯಿಸಿ ಗಾಳಿಯಲ್ಲಿ ತಣಿಸಿದ) ಇಎನ್ 8ರ ಯೀಲ್ಡ್, ಅಂದರೆ ಲೋಹ ಮತ್ತೆ ನೆಟ್ಟಗಾಗದಂತೆ ಬಾಗಲು ಶುರುವಾಗುವ ಒತ್ತಡ, 280ರ ಆಸುಪಾಸು. ತಿರುಚುವಿಕೆಗೆ ಅದರ 0.58 ಪಾಲು ಹಿಡಿದರೆ 160. ಬರೀ ಟಾರ್ಕ್ ನೋಡಿದರೆ ಮೂರು ಪಟ್ಟು ಅವಕಾಶ ಇದೆ.

ಈಗ ಜಾಗ ಉಳಿಸಬೇಕೆಂದು ಶಾಫ್ಟನ್ನು 35 ಮಿಮೀಗೆ ಇಳಿಸಿದರು ಎಂದುಕೊಳ್ಳಿ. ಒತ್ತಡ ವ್ಯಾಸದ ಘನಕ್ಕೆ ತಕ್ಕಂತೆ ಏರಿ 113 ಆಗುತ್ತದೆ. ಇಎನ್ 8ಕ್ಕೆ ಇದು ಬಿಗಿಯಾಯಿತು. ಇಎನ್ 24 ಟಿ ಹಾಕಿದರೆ ಯೀಲ್ಡ್ 650 ದಾಟುತ್ತದೆ, ಹಾಗಾಗಿ ಮತ್ತೆ ಮೂರು ಪಟ್ಟು ಅವಕಾಶ. ಕಾಗದದ ಮೇಲೆ ಸಮಸ್ಯೆ ಮುಗಿಯಿತು, ಅಲ್ವಾ?

ಮುಗಿದಿಲ್ಲ. ಸ್ಟೀಲ್ ಎಷ್ಟು ಬಾಗುತ್ತದೆ, ಎಷ್ಟು ತಿರುಚುತ್ತದೆ ಎನ್ನುವುದು ಗ್ರೇಡ್ ನೋಡಿ ಬದಲಾಗುವುದಿಲ್ಲ. ಎಲಾಸ್ಟಿಕ್ ಮಾಡ್ಯುಲಸ್ ಇಎನ್ 8ಕ್ಕೂ ಇಎನ್ 24ಕ್ಕೂ ಒಂದೇ, ಸುಮಾರು 2,05,000 ಮೆಗಾಪಾಸ್ಕಲ್. ಹೀಟ್ ಟ್ರೀಟ್‌ಮೆಂಟ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬಾಗದೆ ನಿಲ್ಲುವ ಬಿಗಿ ಬರುವುದು ದಪ್ಪದಿಂದ, ಅದೂ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ. 45ರಿಂದ 35ಕ್ಕೆ ಇಳಿದಾಗ ಅದೇ ಲೋಡ್‌ಗೆ ಶಾಫ್ಟ್ 2.7 ಪಟ್ಟು ಹೆಚ್ಚು ಬಾಗುತ್ತದೆ. ಅದರ ಮೇಲೆ ಕೂತ ಗೇರ್ ಓರೆಯಾಗುತ್ತದೆ. ಹಲ್ಲಿನ ಪೂರ್ತಿ ಅಗಲಕ್ಕೆ ಹಂಚಿಹೋಗಬೇಕಿದ್ದ ಲೋಡ್ ಒಂದೇ ತುದಿಗೆ ಹೋಗುತ್ತದೆ. ಆಮೇಲೆ ಆ ತುದಿಯಲ್ಲಿ ಪಿಟ್ಟಿಂಗ್ ಶುರುವಾಗುತ್ತದೆ, ಗೇರ್ ಮಟೀರಿಯಲ್ ಸರಿಯಿಲ್ಲ ಎಂಬ ಮಾತು ಬರುತ್ತದೆ. ಬಾಗುವುದೇ ತೊಂದರೆಯಾಗಿದ್ದರೆ ಮದ್ದು ಇರುವುದು ವ್ಯಾಸದಲ್ಲಿ, ಬೇರಿಂಗ್‌ಗಳ ನಡುವಿನ ದೂರದಲ್ಲಿ. ಗ್ರೇಡ್ ಪಟ್ಟಿಯಲ್ಲಿ ಅದು ಸಿಗುವುದಿಲ್ಲ.

ಫೆಟೀಗ್ ವಿಷಯದಲ್ಲೂ ಒಂದು ಮೋಸ ಇದೆ. ನುಣ್ಣಗೆ ಪಾಲಿಶ್ ಮಾಡಿದ ಮಾದರಿಯಲ್ಲಿ ಸ್ಟೀಲ್‌ನ ಫೆಟೀಗ್ ಮಿತಿ ಅದರ ಎಳೆತದ ಬಲದ ಅರ್ಧದಷ್ಟಿರುತ್ತದೆ. 600ರ ಸ್ಟೀಲ್‌ಗೆ 300, 1000ದ ಸ್ಟೀಲ್‌ಗೆ 500. ನಿಜವಾದ ಶಾಫ್ಟ್‌ನಲ್ಲಿ ಟರ್ನಿಂಗ್ ಗೆರೆಗಳಿವೆ, ಕೀವೇ ಇದೆ, ಸ್ಟೆಪ್ ಇದೆ. ಬಲ ಹೆಚ್ಚಾದಷ್ಟೂ ಸ್ಟೀಲ್ ಇಂಥ ಗೀರಿಗೆ, ಮೂಲೆಗೆ ಹೆಚ್ಚು ಸೂಕ್ಷ್ಮ. ಹಾಗಾಗಿ ಎರಡು ಪಟ್ಟು ಬಲದ ಸ್ಟೀಲ್ ಹಾಕಿದರೂ ಚೂಪು ಮೂಲೆಯ ಶಾಫ್ಟ್‌ಗೆ ಎರಡು ಪಟ್ಟು ಲಾಭ ಸಿಗುವುದಿಲ್ಲ. ಬೇರಿಂಗ್ ಒರಗುವ ಸ್ಟೆಪ್‌ನಲ್ಲಿ ಬೇರಿಂಗ್ ಬಿಡುವಷ್ಟು ರೇಡಿಯಸ್ ಕೊಟ್ಟು ಅದನ್ನು ನುಣ್ಣಗೆ ಮುಗಿಸಿದರೆ, ಎಷ್ಟೋ ಶಾಫ್ಟ್‌ಗಳಲ್ಲಿ ಗ್ರೇಡ್ ಏರಿಸಿದ್ದಕ್ಕಿಂತ ದೊಡ್ಡ ಲಾಭ. ಖರ್ಚು ಬರೀ ಒಂದು ಟೂಲ್ ಮೂತಿಯಷ್ಟು.

ನನ್ನ ಲೆಕ್ಕದಲ್ಲಿ ಸಾಮಾನ್ಯ ಶಾಫ್ಟ್‌ಗೆ ಶುರು ಮಾಡಬೇಕಾದ್ದು ಇಎನ್ 8 ಅಥವಾ ಅದರಂಥದೇ ಸಾದಾ ಕಾರ್ಬನ್ ಸ್ಟೀಲ್ ಸಿ 45ರಿಂದ. ಸೀಲ್ ಜಾಗ, ಸ್ಪ್ಲೈನ್ ಗಡಸಾಗಬೇಕಾದರೆ ಅಲ್ಲಿಗಷ್ಟೇ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಕಾಯಿಲ್‌ನಿಂದ ಹೊರಮೈಯನ್ನಷ್ಟೇ ಕಾಯಿಸಿ ಬೇಗ ತಣಿಸುವುದು) ಮಾಡಬಹುದು, 0.4% ಕಾರ್ಬನ್ ಅದಕ್ಕೆ ಸಾಕು. ಅದು ಸಾಲದೇ ಹೋದಾಗ ಇಎನ್ 19. ದಪ್ಪ ಜಾಸ್ತಿ ಇದ್ದು ಬಲವೂ ಬೇಕಾದಾಗ ಇಎನ್ 24.

ಗೇರ್: ಮುಖ ಗಡಸು ಮಾಡುವ ದಾರಿಗಳು

ಕಡಿಮೆ ವೇಗ, ಕಡಿಮೆ ಲೋಡ್, ದಿನಕ್ಕೆ ಸ್ವಲ್ಪ ಹೊತ್ತು ಓಡುವ ಗೇರ್ ಆದರೆ ಇಎನ್ 8 ಅಥವಾ ಇಎನ್ 19ನ್ನು 250ರಿಂದ 300 ಬಿಎಚ್‌ಎನ್‌ಗೆ (ಬ್ರಿನೆಲ್, ಗಡಸುತನದ ಇನ್ನೊಂದು ಅಳತೆ) ಮೊದಲೇ ಟೆಂಪರ್ ಮಾಡಿಸಿ, ಆಮೇಲೆ ಹಾಬಿಂಗ್ (ಯಂತ್ರದಲ್ಲಿ ಹಲ್ಲು ಕತ್ತರಿಸುವುದು) ಮಾಡಿ ಮುಗಿಸಬಹುದು. ಹಲ್ಲು ಕತ್ತರಿಸಿದ ಮೇಲೆ ಬಿಸಿ ತೋರಿಸುವ ಕೆಲಸವೇ ಇಲ್ಲ, ಹಾಗಾಗಿ ಆಕಾರ ಕೆಡುವುದಿಲ್ಲ. ದೊಡ್ಡ ವ್ಯಾಸದ, ನಿಧಾನಕ್ಕೆ ತಿರುಗುವ ಗೇರ್‌ಗಳಿಗೆ ಇದು ಇವತ್ತಿಗೂ ಒಳ್ಳೆಯ ದಾರಿ.

ಚಿಕ್ಕ ಜಾಗದಲ್ಲಿ ಜಾಸ್ತಿ ಪವರ್ ಸಾಗಿಸಬೇಕಾದರೆ ಅದು ಸಾಲದು. ಆಗ ಬರುವುದು ಕೇಸ್ ಕಾರ್ಬುರೈಸಿಂಗ್. 0.2% ಆಸುಪಾಸು ಕಾರ್ಬನ್ ಇರುವ ಸ್ಟೀಲ್ ತೆಗೆದುಕೊಂಡು, ಹಲ್ಲು ಕತ್ತರಿಸಿ, 900ರಿಂದ 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾರ್ಬನ್ ತುಂಬಿದ ಗ್ಯಾಸ್‌ನಲ್ಲಿ ಇಡುತ್ತಾರೆ. ಹೊರಪದರ ಕಾರ್ಬನ್ ಹೀರಿಕೊಂಡು 0.7ರಿಂದ 0.9%ಗೆ ಏರುತ್ತದೆ. ಕ್ವೆಂಚ್ ಮಾಡಿ ಲಘುವಾಗಿ ಟೆಂಪರ್ ಮಾಡಿದರೆ ಮುಖ 58ರಿಂದ 62 ಎಚ್‌ಆರ್‌ಸಿ. ಒಳಗೆ ಕಾರ್ಬನ್ ಕಡಿಮೆಯೇ ಇರುವುದರಿಂದ ಅಲ್ಲಿ 30ರಿಂದ 45. ಹೊರಗೆ ಗಡಸು, ಒಳಗೆ ಏಟು ತಾಳುವ ಲೋಹ, ಎರಡೂ ಒಂದೇ ಹಲ್ಲಿನಲ್ಲಿ.

ಇದರಲ್ಲಿ ಇನ್ನೊಂದು ಲಾಭ ಅಡಗಿದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕ್ವೆಂಚ್ ಆಗುವಾಗ ಕಡಿಮೆ ಕಾರ್ಬನ್‌ನ ಒಳಭಾಗ ಮೊದಲು ರೂಪ ಬದಲಿಸಿ ಗಟ್ಟಿಯಾಗುತ್ತದೆ. ಹೆಚ್ಚು ಕಾರ್ಬನ್‌ನ ಹೊರಪದರ ಇನ್ನೂ ತಣಿದ ಮೇಲೆ ಬದಲಾಗುತ್ತದೆ, ಬದಲಾಗುವಾಗ ಹಿಗ್ಗುತ್ತದೆ. ಒಳಭಾಗ ಅದಾಗಲೇ ಗಟ್ಟಿಯಾಗಿರುವುದರಿಂದ ಹೊರಪದರಕ್ಕೆ ಹಿಗ್ಗಲು ಜಾಗ ಇಲ್ಲ. ಅದು ಒತ್ತಿಕೊಂಡ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. ಬಿರುಕು ಹುಟ್ಟಬೇಕಾದರೆ ಮೈ ಎಳೆಸಿಕೊಳ್ಳಬೇಕು. ಇಲ್ಲಿ ಎಳೆತ ಮೊದಲು ಈ ಒತ್ತನ್ನು ಸೋಲಿಸಬೇಕು. ಹಲ್ಲಿನ ಬುಡಕ್ಕೆ ಇದು ಪುಕ್ಕಟೆ ಸಿಕ್ಕ ರಕ್ಷಣೆ.

ಕೇಸ್, ಅಂದರೆ ಈ ಗಡಸು ಹೊರಪದರ, ಎಷ್ಟು ಆಳ ಬೇಕು? ಮಾಡ್ಯೂಲ್‌ನ (ಹಲ್ಲಿನ ಗಾತ್ರ ಹೇಳುವ ಮಿಮೀ ಅಳತೆ) ಐದನೇ ಒಂದು ಪಾಲು ಎಂದು ಹಿಡಿದು ಶುರು ಮಾಡಬಹುದು. 4 ಮಾಡ್ಯೂಲ್ ಗೇರ್‌ಗೆ 0.8 ಮಿಮೀ. ಹಲ್ಲುಗಳು ಒತ್ತಿಕೊಳ್ಳುವಾಗ ಅತಿ ಹೆಚ್ಚು ಶಿಯರ್ ಒತ್ತಡ ಮೈಮೇಲೆ ಇರುವುದಿಲ್ಲ, ಸ್ವಲ್ಪ ಕೆಳಗೆ ಇರುತ್ತದೆ. ಕೇಸ್ ತೀರಾ ತೆಳುವಾದರೆ ಆ ಒತ್ತಡ ಮೆತ್ತಗಿನ ಲೋಹದಲ್ಲಿ ಬಿದ್ದು ಮೇಲಿನ ಪದರ ಚಕ್ಕೆಯಾಗಿ ಏಳುತ್ತದೆ. ಹಾಗೆಂದು ಸುಮ್ನೆ ಆಳ ಹೆಚ್ಚಿಸುವುದೂ ತಪ್ಪು. ಹಲ್ಲಿನ ತುದಿ ಕಿರಿದು. ಎರಡೂ ಕಡೆಯ ಕೇಸ್ ಅಲ್ಲಿ ಕೂಡಿಕೊಂಡರೆ ತುದಿ ಪೂರ್ತಿ ಪೆಡಸಾಗಿ ಚೂರು ಚೂರೇ ಉದುರುತ್ತದೆ. ಸಮಯದ ಲೆಕ್ಕವೂ ಇದೆ. ಆಳ ಎರಡು ಪಟ್ಟು ಬೇಕೆಂದರೆ ಕುಲುಮೆಯ ಸಮಯ ನಾಲ್ಕು ಪಟ್ಟು. 925 ಡಿಗ್ರಿಯಲ್ಲಿ 4 ಗಂಟೆಗೆ ಒಟ್ಟು ಸುಮಾರು 1.25 ಮಿಮೀ ಬಂದರೆ, 2.5 ಮಿಮೀಗೆ 16 ಗಂಟೆ ಬೇಕು.

ಗ್ರೇಡ್ ಈಗ ತಾನಾಗಿಯೇ ಕಿರಿದಾಗುತ್ತದೆ. ಚಿಕ್ಕ ಮತ್ತು ಮಧ್ಯಮ ಗೇರ್‌ಗಳಿಗೆ 16ಎಂಎನ್‌ಸಿಆರ್5, 20ಎಂಎನ್‌ಸಿಆರ್5, ಅಮೆರಿಕದ ಎಸ್‌ಎಇ 8620. ಮೊದಲ ಎರಡರಲ್ಲಿ ಮ್ಯಾಂಗನೀಸ್, ಕ್ರೋಮಿಯಂ ಕೆಲಸ ಮಾಡುತ್ತವೆ. 8620ರಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಸ್ವಲ್ಪ ಸ್ವಲ್ಪ ಇವೆ. ಹಲ್ಲು ದೊಡ್ಡದಾದಂತೆ ಒಳಭಾಗ ಮೆತ್ತಗಾಗದಿರಲು ಇಎನ್ 353 ಬೇಕಾಗುತ್ತದೆ. ದೊಡ್ಡ ಹಲ್ಲು, ಮೇಲಿಂದ ಮೇಲೆ ಏಟು ಎನ್ನುವಂಥ ಕೆಲಸಕ್ಕೆ 3%ಗೂ ಹೆಚ್ಚು ನಿಕಲ್ ಇರುವ ಇಎನ್ 36. ಇಲ್ಲೂ ಮುಖದ ಗಡಸುತನ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ದುಡ್ಡು ಕೊಡುವುದು ಒಳಭಾಗಕ್ಕೆ.

ಕಾರ್ಬುರೈಸಿಂಗ್‌ನ ದೊಡ್ಡ ಕಷ್ಟ ಎಂದರೆ ಆಕಾರ ಕೆಡುವುದು. ತೆಳು ಅಂಚಿನ ಗೇರ್ ಸೊಟ್ಟಗಾಗುತ್ತದೆ, ಬೋರ್ ಅಂಡಾಕಾರ ಆಗುತ್ತದೆ. ನಿಖರತೆ ಬೇಕಿದ್ದರೆ ಹಲ್ಲು ಗ್ರೈಂಡಿಂಗ್ ಮಾಡಲೇಬೇಕು. ಗ್ರೈಂಡಿಂಗ್‌ನಲ್ಲಿ ಪ್ರತಿ ಮುಖದಿಂದ 0.1 ಮಿಮೀ ಹೋದರೆ ಅಷ್ಟು ಕೇಸೂ ಹೋಯಿತು. ಆದ್ದರಿಂದ ಮುಗಿದ ಮೇಲೆ 0.8 ಬೇಕಾದರೆ ಕುಲುಮೆಯಿಂದ 0.9 ಬರಬೇಕು.

ಇಂಡಕ್ಷನ್ ಹಾರ್ಡನಿಂಗ್‌ಗೆ ಕಾರ್ಬನ್ ಸ್ಟೀಲ್‌ನಲ್ಲೇ ಇರಬೇಕು, 0.35ರಿಂದ 0.5%. ಇಎನ್ 8, ಸಿ 45, ಇಎನ್ 19 ಇದಕ್ಕೆ ಸರಿ. ಕೆಲಸ ಬೇಗ, ಆಕಾರ ಕೆಡುವುದೂ ಕಡಿಮೆ. ಆದರೆ ಗಡಸು ಪದರ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳಬೇಕು. ಹಲ್ಲಿನ ಮುಖ ಮಾತ್ರ ಗಡಸಾಗಿ, ಪದರ ಸರಿಯಾಗಿ ಬುಡದ ರೇಡಿಯಸ್‌ನಲ್ಲೇ ಮುಗಿದರೆ ಅಲ್ಲಿ ಎಳೆತದ ಒತ್ತಡ ಉಳಿಯುತ್ತದೆ. ಬಿರುಕು ಹುಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಪದರ ಒಂದೋ ಬುಡವನ್ನು ಸುತ್ತಿಕೊಂಡು ಹೋಗಬೇಕು, ಇಲ್ಲವೇ ಬುಡಕ್ಕೆ ಸಾಕಷ್ಟು ಮೇಲೆಯೇ ನಿಲ್ಲಬೇಕು.

ನೈಟ್ರೈಡಿಂಗ್‌ನಲ್ಲಿ ಕ್ವೆಂಚ್ ಇಲ್ಲ. 500ರಿಂದ 550 ಡಿಗ್ರಿಯಲ್ಲಿ ಸಾರಜನಕ ನಿಧಾನಕ್ಕೆ ಒಳಗಿಳಿಯುತ್ತದೆ. ಗೇರ್ ಮುಗಿದ ಅಳತೆಯಲ್ಲೇ ಹೋಗಿ ಹೆಚ್ಚುಕಮ್ಮಿ ಅದೇ ಅಳತೆಯಲ್ಲಿ ವಾಪಸ್ ಬರುತ್ತದೆ. ಪದರ ಮಾತ್ರ ತೆಳು, 0.3ರಿಂದ 0.5 ಮಿಮೀ. ಹಾಗಾಗಿ ಜೋರು ಏಟಿಗೆ, ದೊಡ್ಡ ಮಾಡ್ಯೂಲ್‌ಗೆ ಇದನ್ನು ನಾನು ಆರಿಸುವುದಿಲ್ಲ. ಸಾದಾ ಇಎನ್ 8ಕ್ಕೆ ನೈಟ್ರೈಡಿಂಗ್‌ನಿಂದ ಹೇಳಿಕೊಳ್ಳುವಂಥ ಗಡಸುತನ ಬರುವುದಿಲ್ಲ. ಸಾರಜನಕವನ್ನು ಹಿಡಿದುಕೊಳ್ಳಲು ಕ್ರೋಮಿಯಂ ಅಥವಾ ಅಲ್ಯೂಮಿನಿಯಂ ಬೇಕು. ಇಎನ್ 19 ನಡೆಯುತ್ತದೆ, ಇಎನ್ 40ಬಿ ಇನ್ನೂ ಒಳ್ಳೆಯದು. ಸುಮಾರು 1% ಅಲ್ಯೂಮಿನಿಯಂ ಇರುವ ಇಎನ್ 41ಬಿ ಅತಿ ಗಡಸು. ಮೊದಲು ಮಾಡಿದ ಟೆಂಪರಿಂಗ್‌ನ ಬಿಸಿ ನೈಟ್ರೈಡಿಂಗ್ ಬಿಸಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಒಳಭಾಗ ಕುಲುಮೆಯಲ್ಲಿ ಇನ್ನಷ್ಟು ಮೆತ್ತಗಾಗಿ ಬರುತ್ತದೆ.

ಜೋಡಿಯಲ್ಲಿ ಯಾರು ಗಡಸು?

20 ಹಲ್ಲಿನ ಪಿನಿಯನ್ (ಜೋಡಿಯ ಚಿಕ್ಕ ಗೇರ್) 80 ಹಲ್ಲಿನ ಗೇರನ್ನು ತಿರುಗಿಸುತ್ತಿದ್ದರೆ, ಗೇರ್‌ನ ಒಂದು ಹಲ್ಲು ಒಮ್ಮೆ ಲೋಡ್ ಹೊರುವಷ್ಟರಲ್ಲಿ ಪಿನಿಯನ್ ಹಲ್ಲು 4 ಸಲ ಹೊತ್ತಿರುತ್ತದೆ. ಹಾಗಾಗಿ ಟೆಂಪರ್ ಮಾಡಿದ ಜೋಡಿಯಲ್ಲಿ ಪಿನಿಯನ್ನನ್ನು 30ರಿಂದ 50 ಬಿಎಚ್‌ಎನ್ ಹೆಚ್ಚು ಗಡಸು ಇಡುವುದು ಹಳೆಯ ರೂಢಿ. ಎರಡೂ ಕಾರ್ಬುರೈಸ್ ಆಗಿ 60 ಎಚ್‌ಆರ್‌ಸಿ ಇದ್ದರೆ ಈ ಚಿಂತೆ ಇಲ್ಲ.

ಪಿನಿಯನ್ ಮತ್ತು ಶಾಫ್ಟ್ ಒಂದೇ ತುಂಡಾಗಿದ್ದರೆ ಹಲ್ಲಿನ ಮಾತೇ ನಡೆಯಬೇಕು, ಶಾಫ್ಟ್ ಹೊಂದಿಕೊಳ್ಳಬೇಕು. 20ಎಂಎನ್‌ಸಿಆರ್5 ತೆಗೆದುಕೊಂಡು ಹಲ್ಲನ್ನು ಕಾರ್ಬುರೈಸ್ ಮಾಡುವಾಗ ತುದಿಯ ಥ್ರೆಡ್‌ಗೆ ಕಾರ್ಬನ್ ತಾಗದಂತೆ ತಡೆ ಪೇಂಟ್ ಹಚ್ಚಿಸಬೇಕು. ಇಲ್ಲವಾದರೆ ಥ್ರೆಡ್ ಪೆಡಸಾಗಿ, ನಟ್ ಬಿಗಿ ಮಾಡುವಾಗಲೇ ಸಿಡಿಯಬಹುದು. ಉದ್ದನೆಯ ಶಾಫ್ಟ್ ಕ್ವೆಂಚ್‌ನಲ್ಲಿ ಬಾಗುತ್ತದೆ ಎಂದು ಗೊತ್ತಿದ್ದು ಗ್ರೈಂಡಿಂಗ್ ಅಲೋಯನ್ಸ್ ಇಡಬೇಕು.

ಇನ್ನೆರಡು ಗ್ರೇಡ್‌ಗಳ ಬಗ್ಗೆ ಎಚ್ಚರಿಕೆ. ಇಎನ್ 1ಎ ಲೇತ್‌ನಲ್ಲಿ ಬೆಣ್ಣೆಯಂತೆ ಕತ್ತರಿಸುತ್ತದೆ. ಅದಕ್ಕೆ ಕಾರಣ ಅದರಲ್ಲಿರುವ ಗಂಧಕ, ಕೆಲವು ಬಗೆಗಳಲ್ಲಿ ಸೀಸ. ಗಂಧಕ ಲೋಹದೊಳಗೆ ಉದ್ದುದ್ದ ಎಳೆಗಳಾಗಿ ಕೂತಿರುತ್ತದೆ. ಫೆಟೀಗ್ ಬಿರುಕಿಗೆ ಅದೇ ದಾರಿ. ಸಾದಾ ಬುಷ್, ನಾಬ್‌ಗೆ ಸರಿ, ಲೋಡ್ ಹೊರುವ ಗೇರ್‌ಗೆ ಬೇಡ. ಇಎನ್ 31 ಇದಕ್ಕೆ ವಿರುದ್ಧ. 1% ಕಾರ್ಬನ್ ಇರುವ ಬೇರಿಂಗ್ ಸ್ಟೀಲ್, 60 ಎಚ್‌ಆರ್‌ಸಿ ಸುಲಭವಾಗಿ ಬರುತ್ತದೆ. ಗಡಸು ಎಂಬ ಒಂದೇ ಕಾರಣಕ್ಕೆ ಅದನ್ನು ಗೇರ್‌ಗೆ ಹಾಕಿದರೆ ಬುಡದವರೆಗೂ ಪೆಡಸಾದ ಹಲ್ಲು ಮೊದಲ ದೊಡ್ಡ ಏಟಿಗೇ ಹೋಗಬಹುದು.

ಡ್ರಾಯಿಂಗ್‌ನಲ್ಲಿ ಏನು ಬರೆಯಬೇಕು

‘ಮಟೀರಿಯಲ್: ಇಎನ್ 19’ ಎಂದಷ್ಟೇ ಬರೆದರೆ ಅರ್ಧ ಮಾತು ಹೇಳಿದಂತೆ. ಅದೇ ಇಎನ್ 19 ಅನೀಲ್ ಆಗಿದ್ದರೆ (ಕಾಯಿಸಿ ನಿಧಾನಕ್ಕೆ ತಣಿಸಿ ಮೆತ್ತಗೆ ಮಾಡಿದ್ದರೆ) 200 ಬಿಎಚ್‌ಎನ್ ಆಸುಪಾಸು, ಟಿ ಕಂಡಿಷನ್‌ನಲ್ಲಿ 248ರಿಂದ 302. ಕಂಡಿಷನ್, ಗಡಸುತನದ ಮಿತಿ ಎರಡೂ ಇರಲಿ. ಕಾರ್ಬುರೈಸ್ ಗೇರ್ ಆದರೆ ಮುಖದ ಗಡಸುತನ, ಒಳಭಾಗದ ಗಡಸುತನ, ಕೇಸ್ ಆಳ ಮೂರನ್ನೂ ಬರೆಯಿರಿ. ಆಳವನ್ನು ಯಾವ ಗಡಸುತನದವರೆಗೆ ಅಳೆಯಬೇಕು ಎಂದೂ ಹೇಳಬೇಕು. ರೂಢಿಯಲ್ಲಿರುವುದು 550 ಎಚ್‌ವಿ (ವಿಕರ್ಸ್ ಅಳತೆ). ಗ್ರೈಂಡಿಂಗ್‌ಗೆ ಮೊದಲೋ ಆಮೇಲೋ ಎಂಬುದೂ ಸ್ಪಷ್ಟವಾಗಿರಲಿ.

ಬದಲಿ ಗ್ರೇಡ್ ಒಪ್ಪುವಾಗ ಹೆಸರು ನೋಡಿ ಸುಮ್ಮನಾಗಬೇಡಿ. ಇಎನ್ 24ಕ್ಕೂ ಎಸ್‌ಎಇ 4340ಕ್ಕೂ ಸಮ ಎಂದು ಪಟ್ಟಿಗಳಲ್ಲಿ ಇರುತ್ತದೆ. ನಿಕಲ್ ಒಂದರಲ್ಲಿ 1.3ರಿಂದ 1.7%, ಇನ್ನೊಂದರಲ್ಲಿ 1.65ರಿಂದ 2%. ಬಹಳ ಕಡೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ದಪ್ಪ ಶಾಫ್ಟ್‌ನಲ್ಲಿ ಬರಬಹುದು. ಟೆಸ್ಟ್ ಸರ್ಟಿಫಿಕೇಟ್‌ನಲ್ಲಿರುವ ಹೀಟ್ ನಂಬರ್ (ಆ ಸ್ಟೀಲ್ ಕರಗಿಸಿದ ಬ್ಯಾಚ್‌ನ ಗುರುತು) ಬಾರ್ ಮೇಲಿನ ನಂಬರ್‌ಗೆ ತಾಳೆಯಾಗುತ್ತದೆಯೇ ಎಂದು ಕತ್ತರಿಸುವ ಮೊದಲೇ ನೋಡಬೇಕು. ಬಾರ್ ತುದಿ ಕತ್ತರಿಸಿ ಹೋದ ಮೇಲೆ ನಂಬರೂ ಅದರ ಜೊತೆ ಹೋಗಿರುತ್ತದೆ.